ಹದಿನೈದು ದಿನ ಬಿಟ್ಟು ಬನ್ನಿ

ನಮ್ಮಮ್ಮನನ್ನು ಯಾರಾದರೂ "ಮಕ್ಕಳು ಏನ್ ಮಾಡ್ತಾರೆ" ಎಂದು ಕೇಳಿದರೆ "ಇಬ್ಬರೂ ಕನ್ಸಲ್ಟೆಂಟೇ" ಎನ್ನುತ್ತಾರೆ. ಸುಳ್ಳಲ್ಲ. ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗುವ ಅಕ್ಕನ ಕ್ಲಿನಿಕ್ಕಿನ ಬೋರ್ಡಿನಲ್ಲಿ 'ಕನ್ಸಲ್ಟೆಂಟ್ ಫಿಸಿಷಿಯನ್' ಎಂದಿದೆ. ಬೆಂಗಳೂರಿನಲ್ಲಿ ನನ್ನ ವಿಸಿಟಿಂಗ್ ಕಾರ್ಡಿನಲ್ಲೂ ಕನ್ಸಲ್ಟೆಂಟ್ ಅಂತಲೇ ಇದೆ. ಅವಳು ಮನುಷ್ಯರನ್ನು ನೋಡುತ್ತಾಳೆ, ನಾನು ಕಂಪನಿಗಳನ್ನು ನೋಡುತ್ತೇನೆ, ಕೆಲಸ ಹೆಚ್ಚು ಕಮ್ಮಿ ಒಂದೇ ಎಂದು ನಾನೂ ತುಂಬ ವರ್ಷ ಹೇಳಿಕೊಂಡು ಬಂದೆ. ಏನು ತೊಂದರೆ ಎಂದು ಕೇಳುವುದು, ಪರೀಕ್ಷೆ ಮಾಡುವುದು, ಕಾರಣ ಹುಡುಕುವುದು, ಮದ್ದು ಬರೆದುಕೊಡುವುದು. ಈಗ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇದನ್ನು ಬರೆಯಲು ಕಾರಣ ನಮ್ಮ ಚಿಕ್ಕಪ್ಪನ ಮೊಮ್ಮಗಳು. ಹಾಸನದಲ್ಲಿ ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾಳೆ. ದೀಪಾವಳಿಗೆ ಎಲ್ಲರೂ ಆಲೂರಿನ ಹತ್ತಿರದ ನಮ್ಮ ಮನೆಯಲ್ಲಿ ಸೇರಿದ್ದೆವು. ಜಗಲಿಯಲ್ಲಿ ಕೂತಿದ್ದಾಗ ನೇರವಾಗಿ ಕೇಳಿದಳು, "ಮಾವ, ನಿಮ್ಮ ಕೆಲಸ ಒಳ್ಳೇದಾ, ದೊಡ್ಡಮ್ಮಂದು ಒಳ್ಳೇದಾ?"

ನಾನು ಮೊದಲು ವರ್ಷಗಳ ಲೆಕ್ಕ ಹೇಳಿದೆ. ನನಗೆ ಬರುವುದು ಅದೇ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಪಿಜಿ ಎಂಟ್ರೆನ್ಸ್. ಒಂದೇ ಸಲಕ್ಕೆ ಬೇಕಾದ ವಿಷಯ ಸಿಗುವುದು ಕಷ್ಟ, ಒಂದೆರಡು ವರ್ಷ ಅದಕ್ಕೇ ಹೋಗಬಹುದು. ಎಂಡಿ ಮೂರು ವರ್ಷ. ಹೃದಯ, ನರ, ಕಿಡ್ನಿ ಎಂದು ಇನ್ನೂ ಮುಂದೆ ಹೋದರೆ ಡಿಎಂ ಮತ್ತೆ ಮೂರು ವರ್ಷ. 18ಕ್ಕೆ ಶುರು ಮಾಡಿದವರು ಸ್ವಂತ ಕಾಲ ಮೇಲೆ ನಿಲ್ಲುವಾಗ 30 ದಾಟಿರುತ್ತದೆ. ನನ್ನ ದಾರಿಯಲ್ಲಿ ಇಂಜಿನಿಯರಿಂಗ್ ನಾಲ್ಕು ವರ್ಷ, ಎರಡು ಮೂರು ವರ್ಷ ಎಲ್ಲಾದರೂ ಕೆಲಸ, ಕ್ಯಾಟ್ ಪರೀಕ್ಷೆ, ಎರಡು ವರ್ಷ ಎಂಬಿಎ. 27ಕ್ಕೆ ಕೈ ತುಂಬ ಸಂಬಳ. ಫೀಸಿನ ವಿಚಾರಕ್ಕೆ ಬಂದರೆ ದೊಡ್ಡ ಐಐಎಂಗಳಲ್ಲಿ ಎರಡು ವರ್ಷಕ್ಕೆ 20 ಲಕ್ಷ ದಾಟುತ್ತದೆ, ಆದರೆ ಬ್ಯಾಂಕು ಕಣ್ಣು ಮುಚ್ಚಿ ಸಾಲ ಕೊಡುತ್ತದೆ. ಮೆಡಿಕಲ್‌ನಲ್ಲಿ ಸರ್ಕಾರಿ ಸೀಟು ಸಿಕ್ಕರೆ ಸರಿ. ಡೀಮ್ಡ್ ಕಾಲೇಜುಗಳಲ್ಲಿ ಇಡೀ ಕೋರ್ಸಿಗೆ ಕೋಟಿ ದಾಟುವುದುಂಟು. ಆ ಸರ್ಕಾರಿ ಸೀಟಿಗಾಗಿಯೇ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು 720 ಅಂಕಗಳ ನೀಟ್ ಬರೆಯುತ್ತಾರೆ.

ಹುಡುಗಿ ಎಲ್ಲ ಕೇಳಿಸಿಕೊಂಡಳು. "ಇದೆಲ್ಲ ಯೂಟ್ಯೂಬಲ್ಲಿ ಇದೆ ಮಾವ. ನಾನು ಕೇಳಿದ್ದು ಒಳ್ಳೇದು ಯಾವುದು ಅಂತ" ಎಂದಳು.

ಅಕ್ಕ ಒಳಗಿಂದ ಕಾಫಿ ತಂದಿಟ್ಟು, "ನಾಳಿದ್ದು ಸೋಮವಾರ ನನ್ನ ಜೊತೆ ಬಂದು ಒಂದು ದಿನ ಸುಮ್ನೆ ಕೂತ್ಕೋ" ಎಂದಳು. ಹುಡುಗಿ ಹೋದಳು. ನನಗೂ ರಜೆ ಇತ್ತು. ಬೆಂಗಳೂರಿನ ಟ್ರೇನು ಸಂಜೆಗೆ. ಹಾಗಾಗಿ ನಾನೂ ಹೋದೆ. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅಕ್ಕ ಕೆಲಸ ಮಾಡುವುದನ್ನು ಪೂರ್ತಿ ಒಂದು ದಿನ ಕೂತು ನೋಡಿದ್ದು ಅದೇ ಮೊದಲು.

ಅಕ್ಕ ಓದಿದ್ದು ಹಾಸನದಲ್ಲೇ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾಗಿದ್ದು 2006ರಲ್ಲಿ. ಅವಳು ಅಲ್ಲಿನ ಮೊದಲ ಕೆಲವು ಬ್ಯಾಚಿನವಳು. ಅದಕ್ಕೂ ಮುಂಚೆ ನಮ್ಮ ಕಡೆಯ ಮಕ್ಕಳು ಸರ್ಕಾರಿ ಸೀಟಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಈಗ ಚಿಕ್ಕಮಗಳೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಇದು ಸಣ್ಣ ವಿಷಯ ಅಲ್ಲ. ಊರಿನ ಭಾಷೆ, ಊರಿನ ಊಟ, ಊರಿನ ಕುಡಿತ ಗೊತ್ತಿರುವವರು ಡಾಕ್ಟರಾದರೆ ರೋಗಿ ಅರ್ಧ ಮಾತಲ್ಲಿ ನಿಲ್ಲಿಸಿದ್ದು ಅವರಿಗೆ ಪೂರ್ತಿ ಕೇಳಿಸುತ್ತದೆ.

ಆ ದಿನ ನಾನು ನೋಡಿದ್ದು ಅದನ್ನೇ. ಬೇಲೂರು ಕಡೆಯ ಅಜ್ಜಿಯೊಬ್ಬರು "ಸುಸ್ತು ಕಣವ್ವ" ಎಂದು ಕೂತರು. ಅಕ್ಕ ಸ್ಟೆತಸ್ಕೋಪ್ ಮುಟ್ಟಲಿಲ್ಲ. "ಯಾರ ಜೊತೆ ಬಂದ್ರಿ? ಬಸ್ಸಲ್ಲಿ ಕೂರೋಕೆ ಜಾಗ ಸಿಕ್ತಾ? ರಾತ್ರಿ ಎಷ್ಟು ಸಲ ಏಳ್ತೀರಿ? ಮಾತ್ರೆ ಯಾರು ತೆಗೆದು ಕೊಡ್ತಾರೆ?" ಕೊನೆಯ ಪ್ರಶ್ನೆಗೆ ಅಜ್ಜಿ ಸುಮ್ಮನಾದರು. ಮಗ ಕೆಲಸಕ್ಕೆ ಮಂಗಳೂರಿಗೆ ಹೋಗಿದ್ದಾನೆ, ಸೊಸೆ ತವರಲ್ಲಿದ್ದಾಳೆ, ಮಾತ್ರೆ ತಂದುಕೊಡುವವರು ಯಾರೂ ಇಲ್ಲ. ಅಜ್ಜಿ ಒಂದು ತಿಂಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು, ಇದ್ದದ್ದನ್ನೇ ಉಳಿಸಿಕೊಳ್ಳಲು. ರಕ್ತ ಪರೀಕ್ಷೆಯ ವರದಿಯಲ್ಲಿ ಸಕ್ಕರೆ ಜಾಸ್ತಿ ಅಂತ ಮಾತ್ರ ಇರುತ್ತದೆ. ಯಾಕೆ ಜಾಸ್ತಿ ಅನ್ನುವುದು ಆ ಅಜ್ಜಿಯ ಬಾಯಲ್ಲಿತ್ತು.

ಡಾಕ್ಟರುಗಳು ಇದನ್ನು 'ಹಿಸ್ಟರಿ ತಗೊಳ್ಳೋದು' ಎನ್ನುತ್ತಾರೆ. ವಾರ್ಡಿಗೆ ಕರೆದುಕೊಂಡು ಹೋದಾಗ ಮೊದಲು ಕಲಿಸುವುದೇ ಇದನ್ನಂತೆ. ಮುಕ್ಕಾಲು ಪಾಲು ಕಾಯಿಲೆ ಇಲ್ಲೇ ಸಿಕ್ಕಿಬಿಡುತ್ತದೆ, ಪರೀಕ್ಷೆಗಳು ಅದು ಹೌದೋ ಅಲ್ಲವೋ ಎಂದು ನೋಡಲಿಕ್ಕೆ ಎಂದು ಅಕ್ಕ ಹೇಳಿದಳು.

ಇನ್ನೊಂದು ವಿಷಯವೂ ಕಂಡಿತು. ಅವತ್ತು ಬಂದ ಪ್ರತಿಯೊಬ್ಬರಿಗೂ, ಚೀಟಿ ಬರೆದು ಕೊಡುವಾಗ, ಅಕ್ಕ ಒಂದೇ ಮಾತು ಹೇಳುತ್ತಿದ್ದಳು. "ಹದಿನೈದು ದಿನ ಬಿಟ್ಟು ಬನ್ನಿ." ಕೆಲವರಿಗೆ ಒಂದು ವಾರ, ಕೆಲವರಿಗೆ ಒಂದು ತಿಂಗಳು. ಅಜ್ಜಿಗೆ "ಮೂರು ದಿನ ಬಿಟ್ಟು ಫೋನ್ ಮಾಡಿಸಿ" ಎಂದಳು. ಹೀಗೆ ಮತ್ತೆ ಬರಲು ಹೇಳಿಸಿಕೊಳ್ಳದೆ ಒಬ್ಬರೂ ಎದ್ದು ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಎದೆಯಲ್ಲಿ ಏನೋ ಕೂತಂತಾಯಿತು. ನಾನು ಇಷ್ಟು ವರ್ಷದಲ್ಲಿ ಯಾವ ಕಂಪನಿಗೂ, ಯಾರಿಗೂ, ಮತ್ತೆ ಬನ್ನಿ ಎಂದು ಹೇಳಿಲ್ಲ. ನಾನೇ ಮತ್ತೆ ಬರುತ್ತೇನೆ ಎಂದೂ ಹೇಳಿಲ್ಲ.

ನಮ್ಮ ಕೆಲಸ ನಡೆಯುವ ರೀತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂದು ಕಂಪನಿ ನಮ್ಮನ್ನು ಕರೆಯುತ್ತದೆ. ಎಂಟು ವಾರ, ಹತ್ತು ವಾರ, ಹೆಚ್ಚೆಂದರೆ ನಾಲ್ಕು ತಿಂಗಳು. ಮೂರ್ನಾಲ್ಕು ಜನರ ತಂಡ. ಸೋಮವಾರ ಬೆಳಗಿನ ಜಾವದ ವಿಮಾನ, ಗುರುವಾರ ರಾತ್ರಿ ವಾಪಸ್. ಲೆಕ್ಕಪತ್ರ ತರಿಸಿಕೊಳ್ಳುತ್ತೇವೆ, ಜನರನ್ನು ಮಾತಾಡಿಸುತ್ತೇವೆ, ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತೇವೆ. ಕೊನೆಗೆ ಡೆಕ್ ಕೊಡುತ್ತೇವೆ. ಡೆಕ್ ಅಂದರೆ ಸ್ಲೈಡುಗಳ ಕಟ್ಟು. ಅದನ್ನು ಮೇಲಿನವರಿಗೆ ತೋರಿಸಿ, ಚಪ್ಪಾಳೆ ಬಿದ್ದ ಮೇಲೆ ಮುಂದಿನ ಕಂಪನಿಗೆ ಹೋಗುತ್ತೇವೆ. ಈ ಕೆಲಸದಲ್ಲಿ ಸೊಗಸೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 26ನೇ ವಯಸ್ಸಿಗೆ ಸಿಮೆಂಟು, ಔಷಧಿ, ಬಟ್ಟೆ, ಬ್ಯಾಂಕು ಎಲ್ಲದರ ಒಳಗನ್ನೂ ನೋಡುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ? ಗೋಜಲಾಗಿರುವುದನ್ನು ಬಿಡಿಸಿ ಇಡುವುದನ್ನು ನಾನು ಕಲಿತದ್ದು ಇಲ್ಲೇ. ನನ್ನ ಜೊತೆ ಕೆಲಸ ಮಾಡಿದವರಷ್ಟು ಚುರುಕಾದವರನ್ನು ನಾನು ಬೇರೆ ಕಡೆ ಕಂಡಿಲ್ಲ. ಆದರೆ ನಾವು ಹೋದ ಮೇಲೆ ಅಲ್ಲಿ ಏನಾಯಿತು ಎಂದು ನಮಗೆ ತಿಳಿಯುವುದು ಅಪರೂಪ.

ಏಳು ವರ್ಷದ ಹಿಂದೆ ಪಂಪು, ಪೈಪು ಮಾರುವ ಒಂದು ಕಂಪನಿಗೆ ಕೆಲಸ ಮಾಡಿದ್ದೆವು. ಅವರಿಗೆ ತಾಲ್ಲೂಕು ಮಟ್ಟದಲ್ಲಿ ಡಿಪೋಗಳಿದ್ದವು. ಖರ್ಚು ಜಾಸ್ತಿಯಾಗಿತ್ತು. ನಾವು ಅರಸೀಕೆರೆಯ ಡಿಪೋಗೂ ಒಂದು ದಿನ ಹೋಗಿದ್ದೆವು. ಅಲ್ಲಿ ನೋಡಿಕೊಳ್ಳುತ್ತಿದ್ದವರು ಐವತ್ತರ ಹತ್ತಿರದ ಒಬ್ಬರು. ನಮಗೆಲ್ಲ ಎಳನೀರು ಕೆತ್ತಿಸಿ ಕೊಟ್ಟರು. ನಾವು ಸ್ಟಾಕು, ಬಾಡಿಗೆ, ಸಂಬಳ ಬರೆದುಕೊಂಡೆವು. ಎರಡು ತಿಂಗಳ ನಂತರ ನಮ್ಮ ಸ್ಲೈಡಿನಲ್ಲಿ ಕರ್ನಾಟಕದ ನಕ್ಷೆ ಇತ್ತು, ಅದರ ಮೇಲೆ ಕೆಂಪು ಚುಕ್ಕೆಗಳು. ಸಣ್ಣ ಡಿಪೋಗಳನ್ನು ಮುಚ್ಚಿ ಎರಡು ದೊಡ್ಡ ಗೋದಾಮುಗಳಿಂದ ಮಾಲು ಕಳಿಸಬೇಕು ಎಂದು ಹೇಳಿದೆವು. ಅರಸೀಕೆರೆ ಕೆಂಪು ಚುಕ್ಕೆಯಾಗಿತ್ತು. ಆ ಸ್ಲೈಡು ಮಾಡಿದವನು ನಾನು.

ಎರಡು ವರ್ಷದ ಹಿಂದೆ ಅರಸೀಕೆರೆ ಸ್ಟೇಷನ್ನಿನಲ್ಲಿ ಟ್ರೇನು ಬದಲಿಸಲು ಕಾಯುತ್ತಿದ್ದೆ. ಅವರೇ ಗುರುತು ಹಿಡಿದು ಬಂದರು. ಕೋಪ ಇರಲಿಲ್ಲ. ಕುಶಲ ವಿಚಾರಿಸಿದರು. ಈಗ ತಮ್ಮ ತಮ್ಮನ ಕೊಬ್ಬರಿ ವ್ಯಾಪಾರದಲ್ಲಿ ಕೈ ಜೋಡಿಸಿದ್ದಾರಂತೆ. ಟ್ರೇನು ಬರುವ ಹೊತ್ತಿಗೆ ಕೇಳಿದರು, "ಒಂದ್ ಮಾತು ಕೇಳಬೇಕಿತ್ತು ಸಾರ್. ನಮ್ಮನ್ನ ಮುಚ್ಚಿದ ಮೇಲೆ ಕಂಪನಿಗೆ ಲಾಭ ಬಂತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ತಲೆ ಆಡಿಸಿದರು. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ" ಎಂದರು.

ಆ ಮಾತು ಇನ್ನೂ ನನ್ನ ಜೊತೆ ಇದೆ. ಅವರ ಕೆಲಸ ಹೋದದ್ದಕ್ಕೆ ನಾನು ಪೂರ್ತಿ ಕಾರಣ ಅಲ್ಲ, ತೀರ್ಮಾನ ಕಂಪನಿಯದ್ದು. ಆದರೆ ಅವರು ಕೇಳಿದ್ದು ಕೆಲಸ ಯಾಕೆ ತೆಗೆದಿರಿ ಅಂತ ಅಲ್ಲ. ಮದ್ದು ಕೊಟ್ಟರಲ್ಲ, ವಾಸಿಯಾಯಿತಾ ಅಂತ. ಡಾಕ್ಟರಿಗೆ ಈ ಪ್ರಶ್ನೆ ತಪ್ಪುವುದಿಲ್ಲ. ರೋಗಿಯೇ ಹದಿನೈದು ದಿನಕ್ಕೆ ಎದುರಿಗೆ ಬಂದು ಕೂರುತ್ತಾನೆ. ವಾಸಿಯಾಗದಿದ್ದರೂ ಬರುತ್ತಾನೆ. ಬಾರದಿದ್ದರೆ ಯಾಕೆ ಬರಲಿಲ್ಲ ಎಂಬ ಯೋಚನೆ ಡಾಕ್ಟರಿಗೆ ಬರುತ್ತದೆ.

ಕಾನೂನಿನಲ್ಲೂ ಈ ವ್ಯತ್ಯಾಸ ಇದೆ. ಅಕ್ಕನ ಹೆಸರು ಮೆಡಿಕಲ್ ಕೌನ್ಸಿಲ್ ಪಟ್ಟಿಯಲ್ಲಿದೆ. ನೋಂದಣಿ ಸಂಖ್ಯೆ ಇಲ್ಲದೆ ಅವಳು ಒಂದು ಚೀಟಿ ಬರೆಯುವಂತಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕರ ಕಾನೂನಿನ ಕೆಳಗೆ ಬರುತ್ತದೆ ಎಂದು ಹೇಳಿತು. ಡಾಕ್ಟರುಗಳಿಗೆ ಅದು ಕಹಿಯಾಗಿರಬಹುದು, ಆದರೆ ಕೇಳುವ ಹಕ್ಕು ರೋಗಿಗೆ ಸಿಕ್ಕಿತು. ನಾನು ಕನ್ಸಲ್ಟೆಂಟ್ ಎಂದು ಕರೆದುಕೊಳ್ಳಲು ಯಾರ ಲೈಸೆನ್ಸೂ ಬೇಕಿಲ್ಲ. ನಮ್ಮ ಕ್ಷೇತ್ರದ ಹಿರಿಯರಿಗೆ ಈ ಕೊರತೆ ಗೊತ್ತಿತ್ತು ಅನಿಸುತ್ತದೆ. ನಮ್ಮ ಕೆಲಸದಲ್ಲಿ ದೊಡ್ಡ ಹೆಸರಾದ ಮೆಕಿನ್ಸೆ ಕಂಪನಿಯನ್ನು 1926ರಲ್ಲಿ ಶಿಕಾಗೋದಲ್ಲಿ ಶುರು ಮಾಡಿದವರು ಅಕೌಂಟಿಂಗ್ ಪ್ರೊಫೆಸರ್ ಜೇಮ್ಸ್ ಮೆಕಿನ್ಸೆ. ಅದನ್ನು ಬೆಳೆಸಿದ ಮಾರ್ವಿನ್ ಬೋವರ್ ಮೊದಲು ವಕೀಲರಾಗಿದ್ದವರು. ಇದು ವ್ಯಾಪಾರ ಅಲ್ಲ, ವಕೀಲಿಯ ಹಾಗೆ ಒಂದು ವೃತ್ತಿ, ಕರೆದವರ ಹಿತ ನಮ್ಮ ಹಿತಕ್ಕಿಂತ ಮೊದಲು ಎಂದು ಅವರು ಜೀವನವಿಡೀ ಹೇಳುತ್ತಿದ್ದರು. ಅದೇ ಕಂಪನಿ 2021ರಲ್ಲಿ, ಅಮೆರಿಕದಲ್ಲಿ ಚಟ ಹಿಡಿಸುವ ಓಪಿಯಾಯ್ಡ್ ನೋವಿನ ಮಾತ್ರೆಗಳ ಮಾರಾಟ ಹೆಚ್ಚಿಸಲು ಸಲಹೆ ಕೊಟ್ಟ ವಿಚಾರದಲ್ಲಿ, ಅಲ್ಲಿನ ರಾಜ್ಯಗಳಿಗೆ 57 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ. ಕರೆದವರ ಹಿತ ನೋಡಿದ್ದಾರೆ. ಮಾತ್ರೆ ನುಂಗುವವರು ಆ ಕೋಣೆಯಲ್ಲಿ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಡಾಕ್ಟರ ಕೆಲಸವೇ ಮೇಲು ಎಂದು ಹೇಳಿಬಿಡಬಹುದಿತ್ತು. ಅಕ್ಕ ಒಪ್ಪುವುದಿಲ್ಲ. 80 ಜನರನ್ನು ನೋಡಿದ ದಿನ ಸಂಜೆ ಒಬ್ಬರ ಮುಖವೂ ನೆನಪಿರುವುದಿಲ್ಲ ಎನ್ನುತ್ತಾಳೆ. ಒಬ್ಬೊಬ್ಬರನ್ನೇ ನೋಡಿ ನೋಡಿ ಒಟ್ಟು ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ ಎನ್ನುತ್ತಾಳೆ.

2025ರ ಜೂನ್, ಜುಲೈ ನಮ್ಮ ಜಿಲ್ಲೆಯವರು ಮರೆಯುವ ತಿಂಗಳುಗಳಲ್ಲ. ದಿನ ಬೆಳಗಾದರೆ ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯಲ್ಲಿ ಹಾಸನದ ಹೆಸರು ಕೇಳಿದರೆ ಅಮ್ಮ ಎದ್ದು ಹೋಗುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು. ನಾನು ಬೆಂಗಳೂರಿನಿಂದ ಅಕ್ಕನಿಗೆ ಫೋನ್ ಮಾಡಿ ಲೆಕ್ಕ ಹೇಳಿದೆ. 2011ರ ಜನಗಣತಿಯಲ್ಲೇ ಜಿಲ್ಲೆಯಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಇಷ್ಟು ಜನರಲ್ಲಿ ಒಂದು ತಿಂಗಳಿಗೆ ಹೃದಯದಿಂದ ಸಾಯುವವರು ಯಾವಾಗಲೂ ಇರುತ್ತಾರೆ, ಈಗ ಎಣಿಸಲು ಶುರು ಮಾಡಿದ್ದಾರೆ ಅಷ್ಟೇ, ಹಿಂದಿನ ವರ್ಷದ ಇದೇ ತಿಂಗಳಿಗೆ ಹೋಲಿಸದೆ ಏನೂ ಹೇಳಬಾರದು ಎಂದೆ. ಅಕ್ಕ ಪೂರ್ತಿ ಕೇಳಿದಳು. "ನೀನು ಹೇಳೋದು ಸರಿ ಇರಬಹುದು ಕಣೋ. ಆದ್ರೆ ಹೊರಗೆ ಬೆಂಚಿನ ಮೇಲೆ ಮೂವತ್ತು ಜನ ಕೂತಿದ್ದಾರೆ. ಅವರಿಗೆ ನಾನು ಜನಗಣತಿ ಹೇಳಲಾ?"

ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಎಂದು ವರದಿ ಬಂತು. ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಅದೇ ಹೆದರಿಕೆಯ ಸಾಲಿನಲ್ಲಿ, ಜೀವನದಲ್ಲಿ ಒಮ್ಮೆಯೂ ಬಿಪಿ ನೋಡಿಸಿಕೊಳ್ಳದ ಆಟೋ ಡ್ರೈವರುಗಳು, ಸಕ್ಕರೆ ಇದೆಯೆಂದೇ ಗೊತ್ತಿಲ್ಲದ ಮೇಸ್ತ್ರಿಗಳು ಅಕ್ಕನಿಗೆ ಸಿಕ್ಕರು. ಅವರಲ್ಲಿ ಕೆಲವರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ.

ನನ್ನಂಥವರ ಬುದ್ಧಿ ಡಾಕ್ಟರುಗಳ ಕೈಗೆ ಸಿಕ್ಕಾಗ ಏನಾಗುತ್ತದೆ ಎನ್ನುವುದಕ್ಕೆ ನಾನು ಹುಡುಗಿಗೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತೋರಿಸಿದೆ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ. ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ದೂರದಿಂದಲೇ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನು ಅಲ್ಲೇ, ಉಚಿತವಾಗಿ. ನಡುವೆ ಒಂದು ದೊಡ್ಡ ಕೇಂದ್ರ, ಸುತ್ತ ಸಣ್ಣವು. ನಾವು ಗೋದಾಮುಗಳಿಗೆ ಹಾಕುವ ನಕ್ಷೆಯೇ ಅದು. ನಾವು ಅರಸೀಕೆರೆಯನ್ನು ಮುಚ್ಚಲು ಬಳಸಿದ್ದನ್ನು ಇಲ್ಲಿ ತಾಲ್ಲೂಕನ್ನು ಉಳಿಸಿಕೊಳ್ಳಲು ಬಳಸಿದ್ದಾರೆ.

ಅಕ್ಕ ಒಂದು ವಿಷಯವನ್ನು ನನಗೂ ಮೊದಲು ಹೇಳಿರಲಿಲ್ಲ. ಅವತ್ತು ಹುಡುಗಿಯ ಎದುರಿಗೆ ಹೇಳಿದಳು. ಎಂಬಿಬಿಎಸ್ ಆದ ಹೊಸತು, ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಲಾರಿ ಡ್ರೈವರೊಬ್ಬರು ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಎಂದು ಬಂದರು. ಇಸಿಜಿ ಸರಿಯಾಗಿತ್ತು. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟಳು, ಹಗುರಾಯಿತು ಎಂದರು, ಮನೆಗೆ ಹೋದರು. ಬೆಳಗಾಗುವುದರೊಳಗೆ ತೀರಿಹೋದರು. ಹೃದಯಾಘಾತದಲ್ಲಿ ಮೊದಲ ಇಸಿಜಿ ಸರಿ ಇರುವುದುಂಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಅವಳಿಗೆ ಅದು ಪುಸ್ತಕದಲ್ಲಿ ಗೊತ್ತಿತ್ತು. ಕೆಲವು ದಿನ ಬಿಟ್ಟು ಅವರ ಹೆಂಡತಿ ಅದೇ ಚೀಟಿ ಹಿಡಿದು ಬಂದರಂತೆ. "ಇದರಲ್ಲಿ ಏನು ಬರೆದಿದ್ರಿ, ಓದಿ ಹೇಳಿ ಮೇಡಂ" ಎಂದರಂತೆ. ಅಕ್ಕ ಓದಿ ಹೇಳಿದಳು. ಅದರಲ್ಲಿ ಕೊನೆಯ ಸಾಲು, ಐದು ದಿನ ಬಿಟ್ಟು ಬರುವುದು.

ಅಂದಿನಿಂದ ಎದೆ ಉರಿ ಎಂದು ಯಾರೇ ಬಂದರೂ ಒಂದು ಇಸಿಜಿಗೆ ಬಿಡುವುದಿಲ್ಲ. ಬೈದರೂ ಸರಿ, ಕೂರಿಸಿಕೊಳ್ಳುತ್ತಾಳೆ, ಮತ್ತೆ ತೆಗೆಸುತ್ತಾಳೆ. ಹುಡುಗಿ ಏನೂ ಮಾತಾಡಲಿಲ್ಲ. ಅಕ್ಕ ಅವಳಿಗೆ, "ಇದನ್ನ ಹೊತ್ಕೊಂಡು ಮಾರನೇ ದಿನ ಮತ್ತೆ ಡ್ಯೂಟಿಗೆ ಹೋಗೋಕೆ ಆಗುತ್ತಾ ಅಂತ ಯೋಚನೆ ಮಾಡು. ಬಯಾಲಜಿ ಇಷ್ಟಾನಾ ಅಂತ ಆಮೇಲೆ ನೋಡೋಣ" ಎಂದಳು.

ನನ್ನ ಸಲಹೆಗಳಲ್ಲಿ ನನ್ನ ಕಣ್ಣೆದುರೇ ಉಳಿದಿರುವುದು ಒಂದೇ ಒಂದು. ಅದಕ್ಕೆ ನಾನು ಫೀಸು ತೆಗೆದುಕೊಂಡಿಲ್ಲ. ನಮ್ಮ ಕೆಳಗಿನ ತೋಟದಲ್ಲಿ ಅರೇಬಿಕಾ ಇತ್ತು. ಬೋರರ್ ಹುಳ, ಅಂದರೆ ಕಾಂಡಕೊರಕ, ಅರ್ಧ ಗಿಡ ತಿಂದಿತ್ತು. ಪ್ರತಿ ವರ್ಷ ಅಪ್ಪ ಹುಳ ಬಿದ್ದ ಗಿಡ ಕಿತ್ತು ಸುಡುವುದೇ ಕೆಲಸ. 2019ರಲ್ಲಿ ನಾನು ಒಂದು ಎಕ್ಸೆಲ್ ಮಾಡಿ ತಂದೆ. ಅರೇಬಿಕಾ ತೆಗೆದು ರೋಬಸ್ಟಾ ಹಾಕೋಣ, ಅದಕ್ಕೆ ಈ ಹುಳದ ಕಾಟ ಇಲ್ಲ, ಕೂಲಿಯೂ ಕಮ್ಮಿ ಎಂದೆ. ಅಪ್ಪ ಎರಡು ದಿನ ಯೋಚಿಸಿ ಒಪ್ಪಿದರು. ಫಸಲು ಬಂತು. 2024ರಲ್ಲಿ ರೋಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತು. ಊರವರು ಮಗ ಒಳ್ಳೆ ಐಡಿಯಾ ಕೊಟ್ಟ ಎಂದರು. ದರ ಏರಿದ್ದಕ್ಕೆ ವಿಯೆಟ್ನಾಂನಲ್ಲಿ ಬರ ಬಿದ್ದದ್ದು ದೊಡ್ಡ ಕಾರಣ. ನನ್ನ ಎಕ್ಸೆಲ್‌ನಲ್ಲಿ ವಿಯೆಟ್ನಾಂ ಇರಲಿಲ್ಲ.

ಅದರಲ್ಲಿ ಇನ್ನೊಂದು ಇರಲಿಲ್ಲ. ನೀರು. ರೋಬಸ್ಟಾ ಹೂವಿಗೆ ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು. ಅಪ್ಪನಿಗೆ ಇದು ಗೊತ್ತಿತ್ತು. ನನ್ನ ಲೆಕ್ಕದಲ್ಲಿ ಆ ಸಾಲು ಇಲ್ಲ ಎಂದು ನೋಡಿದರು, ಹೇಳಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಿ ಪೈಪು, ಪಂಪು ತಂದರು. 70ರ ವಯಸ್ಸಿನಲ್ಲಿ ರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಪೈಪು ಬದಲಿಸುತ್ತಿದ್ದರು. ಒಂದು ಫೆಬ್ರವರಿಯಲ್ಲಿ ಹೇಳದೆ ಊರಿಗೆ ಹೋದಾಗ, ರಾತ್ರಿ ಎರಡು ಗಂಟೆಗೆ ಅವರ ಹಾಸಿಗೆ ಖಾಲಿ ಇದ್ದದ್ದು ನೋಡಿ ನನಗೆ ಗೊತ್ತಾಗಿದ್ದು. ಈಗ ಪ್ರತಿ ವರ್ಷ ಆ ಹದಿನೈದು ದಿನ ನಾನು ರಜೆ ಹಾಕಿ ಹೋಗುತ್ತೇನೆ.

ಹುಡುಗಿಗೆ ಈ ಕಥೆಯನ್ನೂ ಹೇಳಿದೆ, ಅರಸೀಕೆರೆಯದನ್ನೂ ಹೇಳಿದೆ. ಅವಳು ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಮಾಡಬೇಕಾಗಿಯೂ ಇಲ್ಲ, ಹದಿನೇಳು ವರ್ಷ ಅಷ್ಟೇ ಅಲ್ವಾ. ಆದರೆ ಸ್ಟೇಷನ್ನಿಗೆ ಬಿಡಲು ಬಂದಾಗ ಕೇಳಿದಳು, "ಅವರಿಗೆ ಆಮೇಲೆ ಉತ್ತರ ಕೊಟ್ರಾ ಮಾವ?"

ಕೊಟ್ಟಿರಲಿಲ್ಲ. ಎರಡು ವರ್ಷ ಆಗಿತ್ತು.

ಬೆಂಗಳೂರಿಗೆ ಬಂದ ಮೇಲೆ ಆ ಕಂಪನಿಯಲ್ಲಿದ್ದ ಹಳೆಯ ಪರಿಚಯದವರನ್ನು ಹುಡುಕಿ ಮಾತಾಡಿಸಿದೆ. ಅವರು ಹೇಳಬಹುದಾದಷ್ಟು ಹೇಳಿದರು. ಬಾಡಿಗೆ, ಸಂಬಳ ಉಳಿಯಿತು. ಮೊದಲ ಎರಡು ವರ್ಷ ಲಾಭ ಚೆನ್ನಾಗಿತ್ತು. ಆಮೇಲೆ ಆ ಕಡೆಯ ಮಾರಾಟವೇ ಇಳಿದು ಹೋಯಿತು. ಯಾಕೆ ಎಂದು ಅವರೂ ಸರಿಯಾಗಿ ನೋಡಿಲ್ಲ. ಭಾನುವಾರ ಅರಸೀಕೆರೆಗೆ ಫೋನ್ ಮಾಡಿದೆ. ಯಾರು ಎಂದು ಹೇಳಿದ ತಕ್ಷಣ ಗೊತ್ತಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲೇ ತಿಳಿದುಕೊಂಡು ಹೇಳಬೇಕಿತ್ತು, ತಪ್ಪಾಯಿತು ಎಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಕೊಬ್ಬರಿ ಚೀಲ ಎಣಿಸುವ ಸದ್ದು ಕೇಳುತ್ತಿತ್ತು.

"ಮಾರಾಟ ಯಾಕೆ ಬಿತ್ತು ಅಂತ ಅವರು ಯಾರನ್ನೂ ಕೇಳಿಲ್ವಾ ಸಾರ್?"

"ಇಲ್ಲ."

"ಬೇಸಿಗೇಲಿ ಮೋಟಾರ್ ಸುಟ್ಟುಹೋದ್ರೆ ತೆಂಗು ನಾಲ್ಕು ದಿನ ಕಾಯಲ್ಲ. ಆಗ ನಮ್ಮ ಗಿರಾಕಿಗಳು ಎಲ್ಲಿಗೆ ಹೋದ್ರು, ಯಾರ ಹತ್ರ ಹೋದ್ರು, ನನಗೆ ಗೊತ್ತು. ನಾನು ಹೇಳ್ತೀನಿ. ಬರ್ಕೊಳ್ತೀರಾ?"

ಪೆನ್ನು ತಗೊಂಡು ಕೂತೆ.